ಸುಲ್ತಾನನ ಮುಂದ ಹಾಡದವನು: ಹಂಸಗೀತೆ, ಬಸಂತ್ ಬಹಾರ್ ಮತ್ತ ನಮ್ಮ ಉಣಕಲ್

ಭಾಗ 1

ಈ ಸಲದ ಸರಣಿ ಒಂದು ಹಳೇ ಸಿನಿಮಾದ ಬಗ್ಗೆ. ಹೆಸರು ‘ಹಂಸಗೀತೆ’. ವರ್ಷ 1975. ನಿರ್ದೇಶಕರು ಜಿ.ವಿ. ಅಯ್ಯರ್. ನಾಯಕ ಅನಂತನಾಗ್, ಆವಾಗ ಇನ್ನೂ ಇಪ್ಪತ್ತೇಳು ತುಂಬಿರದ ಅಥವಾ ಆಗಷ್ಟೇ ತುಂಬಿದ ಹುಡುಗ.

ಮೊದಲೇ ಹೇಳಿಬಿಡ್ತೀನಿ: ಇದು ನಿಧಾನದ ಸಿನಿಮಾ. ಒಂದೂವರೆ ಪಟ್ಟು ಸ್ಪೀಡ್ ಇಟ್ಟು ನೋಡೋರು ಈ ಸ್ಲೈಡ್‌ನ್ಯಾಗ ಇಳಕೊಂಡುಬಿಡ್ರಿ. ಬಂಡೆ, ಗುಡಿ, ಬೆಳಕು, ಹಾಡು. ಮತ್ತ ಬಂಡೆ, ಮತ್ತ ಹಾಡು. ‘ಅಲ್ಲಪಾ, ಕತಿ ಎಲ್ಲೈತಿ?’ ಅಂತ ಕೇಳೋರು ಅವತ್ತೂ ಇದ್ರು, ಇವತ್ತೂ ಇದಾರ. ಆ ಪ್ರಶ್ನೆ ತಪ್ಪಲ್ಲ. ಈ ಸಿನಿಮಾದಾಗ ನೋಟ ಮತ್ತು ನಾದ ಮುಂದ, ಕತಿ ಹಿಂದ. ಆದ್ರ ಯಾಕ ಹಂಗ ಮಾಡಿದ್ರು, ಅದರಿಂದ ಏನು ಸಿಕ್ತು, ಏನು ಹೋತು ಅನ್ನೋದು ನೋಡೂಣು. ಇದಕ್ಕೂ ನಮ್ಮ ಉಣಕಲ್‌ಗೂ ಏನು ಸಂಬಂಧ ಅಂತೀರಿ? ಐತಿ. ಸ್ವೈಪ್ ಮಾಡ್ರಿ.

ಭಾಗ 2

ಕತಿ ಇಷ್ಟ. ಹದಿನೆಂಟನೇ ಶತಮಾನದ ಕೊನೆ. ಚಿತ್ರದುರ್ಗದ ಸೀಮೆಯಲ್ಲಿ ವೆಂಕಟಸುಬ್ಬಯ್ಯ ಅಂತ ಒಬ್ಬ ಗಾಯಕ. ಭೈರವಿ ರಾಗ ಹಾಡಿದ್ರ ಅವನೇ ಹಾಡಬೇಕು, ಅದಕ್ಕ ಜನ ಅವನನ್ನ ಕರೆಯೋದೇ ಭೈರವಿ ವೆಂಕಟಸುಬ್ಬಯ್ಯ ಅಂತ. ಪ್ರತಿಭೆಯಷ್ಟೇ ಸೊಕ್ಕೂ ಇದ್ದ ಮನುಷ್ಯ. ಕೊನೆಗೆ ಟಿಪ್ಪು ಸುಲ್ತಾನನ ಮುಂದೆ ಹಾಡಬೇಕು ಅಂತಾದಾಗ, ಹಾಡೋದಿಲ್ಲ ಅಂತ ತನ್ನ ನಾಲಿಗೆಯನ್ನ ತಾನೇ ಕತ್ತರಿಸಿಕೊಳ್ತಾನ.

ಈ ಕತೆಯನ್ನ ಕಾದಂಬರಿ ಮಾಡಿದವರು ತ.ರಾ.ಸು. ಅಂದ್ರ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು (1920–1984). ‘ನಾಗರಹಾವು’ ಬರೆದವರು, ‘ದುರ್ಗಾಸ್ತಮಾನ’ ಬರೆದವರು. ಚಿತ್ರದುರ್ಗದ ಕಲ್ಲುಕಲ್ಲಿನ ಮ್ಯಾಲೂ ಒಂದೊಂದು ಕತಿ ಇಟ್ಟು ಹೋದ ಲೇಖಕ.

ಈಗ ಸ್ವಲ್ಪ ಇಸವಿಗಳನ್ನ ಜೋಡಿಸಿ ನೋಡ್ರಿ. ಮದಕರಿನಾಯಕನ ದುರ್ಗ ಹೈದರಾಲಿಯ ಕೈಗೆ ಹೋಗಿದ್ದು 1779ರಲ್ಲಿ. ಹೈದರ್ ತೀರಿಕೊಂಡಿದ್ದು 1782ರ ಡಿಸೆಂಬರಿನಲ್ಲಿ. ಅಲ್ಲಿಂದ 1799ರವರೆಗೆ ಟಿಪ್ಪು. ಅಂದ್ರ ನಮ್ಮ ಕತಿಯ ಗಾಯಕನ ಕಾಲಕ್ಕ ಅವನ ಊರಿನ ಅರಮನೆ ಖಾಲಿ. ಹಿಂದಿನ ಕಾಲದಾಗ ಸಂಗೀತಗಾರನಿಗೆ ಟಿಕೆಟ್ ಕೊಂಡು ಬರೋ ಶ್ರೋತೃಗಳಿರಲಿಲ್ಲ, ಯೂಟ್ಯೂಬ್ ದುಡ್ಡು ಇರಲಿಲ್ಲ. ಗುಡಿ ಇತ್ತು, ಅರಮನೆ ಇತ್ತು, ಒಬ್ಬಿಬ್ಬರು ಸಾಹುಕಾರರಿದ್ರು. ಅರಮನೆ ಬಿದ್ರ ಹಾಡೋರಿಗೆ ಎರಡೇ ದಾರಿ: ಹೊಸ ಅರಮನೆ ಹುಡುಕೋದು, ಇಲ್ಲಾ ದೇವರ ಮುಂದ ಹಾಡಿ ಪ್ರಸಾದ ತಿಂದು ಇರೋದು. ವೆಂಕಟಸುಬ್ಬಯ್ಯನ ಕತೆಯ ನಿಜವಾದ ಗಂಟು ಇದು. ನಾಲಿಗೆ ಕತ್ತರಿಸೋ ರಕ್ತದ ದೃಶ್ಯ ಎಲ್ಲರಿಗೂ ನೆನಪಿರತೈತಿ. ಅದಕ್ಕಿಂತ ಮೊದಲು ಬರೋ ಪ್ರಶ್ನೆ ಬ್ಯಾರೆ: ನಿನ್ನ ದನಿ ಯಾರದು?

ಭಾಗ 3

ಇಲ್ಲಿಂದ ಮಜಾ ಶುರು. ಅಯ್ಯರ್ ಅವರ ಸಿನಿಮಾಕ್ಕ ಹತ್ತೊಂಬತ್ತು ವರ್ಷ ಮೊದಲು, 1956ರಲ್ಲೇ, ಈ ಕನ್ನಡ ಕಾದಂಬರಿ ಮುಂಬೈಗೆ ಹೋಗಿ ಹಿಂದಿ ಸಿನಿಮಾ ಆಗಿತ್ತು. ಹೆಸರು ‘ಬಸಂತ್ ಬಹಾರ್’. ನಿರ್ದೇಶಕ ರಾಜಾ ನವಾಥೆ. ಭಾರತ್ ಭೂಷಣ್, ನಿಮ್ಮಿ. ಸಂಗೀತ ಶಂಕರ್-ಜೈಕಿಶನ್.

ಆ ಹೊತ್ತಿನ ಹವಾ ತಿಳಕೋಬೇಕು. 1952ರಲ್ಲಿ ‘ಬೈಜೂ ಬಾವ್ರಾ’ ಬಂದು ದೇಶಕ್ಕೆಲ್ಲ ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿಸಿತ್ತು. ಅದರೊಳಗ ತಾನ್‌ಸೇನನಿಗೆ ಉಸ್ತಾದ್ ಅಮೀರ್ ಖಾನ್, ಬೈಜೂಗೆ ಡಿ.ವಿ. ಪಲುಸ್ಕರ್ ಹಾಡಿದ್ರು. ದರಬಾರಿನೊಳಗ ಇಬ್ಬರು ಗಾಯಕರ ಸ್ಪರ್ಧೆ, ಒಬ್ಬ ಗೆಲ್ಲೋದು, ಒಬ್ಬ ಸೋಲೋದು: ಈ ಫಾರ್ಮುಲಾ ಹಿಟ್. ನಾಯಕ ಅಲ್ಲೂ ಭಾರತ್ ಭೂಷಣ್, ಇಲ್ಲೂ ಭಾರತ್ ಭೂಷಣ್. ಅರ್ಥ ಆತಲ್ಲ?

ಹಂಗಾಗಿ ನಮ್ಮ ತ.ರಾ.ಸು. ಕತಿ ಅಲ್ಲಿಗೆ ಹೋಗಿ ಪೂರ್ತಿ ಬಟ್ಟೆ ಬದಲಿಸಿತು. ಚಿತ್ರದುರ್ಗ ಮಾಯ. ಬಾದಶಹನ ದರಬಾರು ಬಂತು. ಹಾಡಬೇಡ ಅನ್ನೋ ಅಪ್ಪ ಬಂದ, ಕುತಂತ್ರ ಮಾಡೋ ಪ್ರತಿಸ್ಪರ್ಧಿ ಬಂದ, ನರ್ತಕಿಯ ಪ್ರೇಮ ಬಂತು. ಕತಿಗೆ ಏನೂ ಕಮ್ಮಿ ಇಲ್ಲ, ತಿರುವಿನ ಮ್ಯಾಲ ತಿರುವು. ಆದ್ರ ಒಂದು ವಿಚಿತ್ರ ನೋಡ್ರಿ. ಸುಲ್ತಾನನ ಮುಂದ ಹಾಡೋದಿಲ್ಲ ಅಂದವನ ಕತಿ, ಬಾದಶಹನ ಮುಂದ ಹಾಡಿ ಗೆಲ್ಲೋವನ ಕತಿ ಆಗಿಬಿಟ್ಟಿತು! ಅಂಗಿ ತಿರುವಿ ಹಾಕ್ಕೊಂಡಂಗ. ಕತಿ ಜಾಸ್ತಿ ಆಯ್ತು, ಕತಿಯ ಜೀವ ಹೋಯ್ತು.

ಆದರೂ ಬಸಂತ್ ಬಹಾರ್ ಹಾಡುಗಳನ್ನ ನಾನು ಬಿಟ್ಟುಕೊಡೋದಿಲ್ಲ. ಒಂದು ಹಾಡಿನೊಳಗ ಪನ್ನಾಲಾಲ್ ಘೋಷ್ ಕೊಳಲು ನುಡಿಸ್ಯಾರ. ಸಿನಿಮಾ ಮರೆತ ಜನ ಹಾಡು ಮರೆತಿಲ್ಲ. ಇದೂ ಒಂದು ಉತ್ತರನೇ: ಕತಿ ತುಂಬಿದ ಸಿನಿಮಾದಾಗೂ ಕೊನೆಗೆ ಉಳಿದಿದ್ದು ಹಾಡು.

ಭಾಗ 4

ಈಗ ನಮ್ಮೂರಿಗೆ ಬರ್ರಿ. ಬಸಂತ್ ಬಹಾರ್‌ನ ಆ ದರಬಾರಿನ ಸ್ಪರ್ಧೆಯ ಹಾಡು ‘ಕೇತಕಿ ಗುಲಾಬ್ ಜೂಹಿ’. ನಾಯಕನಿಗೆ ಹಾಡಿದವರು ಮನ್ನಾ ಡೇ. ಸೋಲೋ ಪ್ರತಿಸ್ಪರ್ಧಿಗೆ ಹಾಡಿದವರು ಯಾರು ಗೊತ್ತೇನು? ಪಂಡಿತ್ ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿದ್ದು ರೋಣದಾಗ, ಆವಾಗ ಅದು ನಮ್ಮ ಧಾರವಾಡ ಜಿಲ್ಲೆನೇ. ಕಲಿತಿದ್ದು ಕುಂದಗೋಳದಾಗ, ಹುಬ್ಬಳ್ಳಿಯಿಂದ ಒಂದು ತಾಸಿನ ಹಾದಿಯೂ ಅಲ್ಲ.

ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರ: ಭೀಮಸೇನರ ಎದುರಿಗೆ ಹಾಡಿ ಗೆಲ್ಲಬೇಕು ಅಂತ ಕೇಳಿದಾಗ ಅವರಿಗೆ ಊರು ಬಿಟ್ಟು ಓಡಿಹೋಗೋಣ ಅನ್ನಿಸಿತ್ತಂತ. ಹೆಂಡತಿ ಧೈರ್ಯ ಹೇಳಿ ನಿಲ್ಲಿಸಿದ್ರು. ಚಿತ್ರಕತೆಯ ಪ್ರಕಾರ ಮನ್ನಾ ಡೇ ಗೆದ್ರು. ನೀವು ಕಣ್ಣು ಮುಚ್ಚಿ ಆ ಹಾಡು ಕೇಳ್ರಿ. ಯಾರು ಗೆದ್ರು ಅಂತ ನಾನು ಹೇಳೋದಿಲ್ಲ, ಹುಬ್ಬಳ್ಳಿಯವರ ತೀರ್ಪಿನ ಮ್ಯಾಲ ಹೊರಗಿನವರಿಗೆ ನಂಬಿಕೆ ಇರೋದಿಲ್ಲ.

ಭೀಮಸೇನರ ಗುರು ಸವಾಯಿ ಗಂಧರ್ವರು, ಕುಂದಗೋಳದ ರಾಮಭಾವು (1886–1952). ಅವರ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನ್, ಕಿರಾಣಾ ಘರಾಣೆ. ಮೈಸೂರು ಅರಮನೆಗೆ ಹಾಡಲು ಹೊರಟ ಉತ್ತರದ ಉಸ್ತಾದರು ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ಕಡೆ ಇಳಿದು ಉಳೀತಿದ್ರು. ಹಿಂದೂಸ್ತಾನಿ ಸಂಗೀತ ನಮ್ಮ ಮಣ್ಣಿಗೆ ಬಿದ್ದಿದ್ದರಾಗ ರೈಲಿನ ಪಾಲೂ ಐತಿ, ಮೈಸೂರು ದರಬಾರಿನ ಪಾಲೂ ಐತಿ.

ಈ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕದ ದೊಡ್ಡ ನಟರೂ ಹೌದು. ಬಾಲಗಂಧರ್ವರ ಹೆಸರು ಮೆರೀತಿದ್ದ ಕಾಲಕ್ಕ ಇವರಿಗೆ ಸಿಕ್ಕ ಬಿರುದು ‘ಸವಾಯಿ’ ಗಂಧರ್ವ. ಸವಾಯಿ ಅಂದ್ರ ಒಂದೂಕಾಲು. ಆ ನಾಟಕಗಳು ಹೆಂಗ ನಡೀತಿದ್ವು ಅಂತ ನಿಮ್ಮ ಮುತ್ತಜ್ಜರ ಕಾಲದವರು ಇದ್ದಿದ್ರ ಹೇಳ್ತಿದ್ರು. ರಾಜಕುಮಾರ ಸಾಯಾಕ ಬಿದ್ದಾನ, ಆದ್ರೂ ಹಾಡ್ತಾನ. ಜನ ‘ಒನ್ಸ್ ಮೋರ್’ ಅಂತ ಕೂಗಿದ್ರ ಮತ್ತೊಮ್ಮೆ ಹಾಡ್ತಾನ. ಕತಿ ಅಲ್ಲೇ ನಿಂತಿರತೈತಿ, ಯಾರೂ ಬೇಜಾರು ಮಾಡ್ಕೊಳ್ತಿರಲಿಲ್ಲ. ಕತಿ ಎಲ್ಲರಿಗೂ ಮೊದಲೇ ಗೊತ್ತಿತ್ತು! ಬರ್ತಿದ್ದಿದ್ದು ಹಾಡಿಗೆ. ಅಂದ್ರ ಕತಿಗಿಂತ ಹಾಡು ದೊಡ್ಡದು ಅನ್ನೋದು ಅಯ್ಯರ್ ಕಂಡುಹಿಡಿದ ಹೊಸ ಸಂಗತಿ ಏನಲ್ಲ. ನಮ್ಮ ಕಡೆ ಅದು ಹಳೇ ಚಟ.

ಭಾಗ 5

ಜಿ.ವಿ. ಅಯ್ಯರ್ ನಂಜನಗೂಡಿನವರು, ಹುಟ್ಟಿದ್ದು 1917. ಸಣ್ಣವರಿದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಹಂಸಗೀತೆಗೆ ಬಾಲಮುರಳಿಕೃಷ್ಣ ಅವರ ಜೊತೆ ಸಂಗೀತದ ಕೆಲಸ ಮಾಡಿದ ಬಿ.ವಿ. ಕಾರಂತರೂ ಹುಡುಗರಿದ್ದಾಗ ಮನಿ ಬಿಟ್ಟು ಓಡಿಹೋಗಿ ಸೇರಿದ್ದು ಅದೇ ಗುಬ್ಬಿ ಕಂಪನಿ. ಇದನ್ನ ಸ್ವಲ್ಪ ಯೋಚನೆ ಮಾಡ್ರಿ. ಗುಬ್ಬಿ ಕಂಪನಿ ಅಂದ್ರ ರಂಗದ ಮ್ಯಾಲ ನಿಜವಾದ ಆನೆ, ಕುದುರೆ, ಜರತಾರಿ, ಝಗಝಗ ದೀಪ. ಆ ಅಬ್ಬರದಾಗ ಬೆಳೆದ ಇಬ್ಬರು ಸೇರಿ ಮಾಡಿದ ಚರಿತ್ರೆಯ ಸಿನಿಮಾದಾಗ ಜರತಾರಿ ಇಲ್ಲ, ಆನೆ ಇಲ್ಲ. ಬರೀ ಮೈ, ಪಂಚೆ, ತಂಬೂರಿ, ಚಿತ್ರದುರ್ಗದ ಬಂಡೆ.

ಇದಕ್ಕ ಮೊದಲು ಅಯ್ಯರ್ ‘ಬೇಡರ ಕಣ್ಣಪ್ಪ’ದಲ್ಲಿ (1954) ನಟಿಸಿದವರು, ಎಷ್ಟೋ ಸಿನಿಮಾಗಳಿಗೆ ಹಾಡು, ಮಾತು ಬರೆದವರು, ‘ರಣಧೀರ ಕಂಠೀರವ’ಕ್ಕ (1960) ದುಡ್ಡು ಹಾಕಿದ ಗೆಳೆಯರಲ್ಲಿ ಒಬ್ಬರು. ಅಂದ್ರ ಕತಿ ಹೇಳೋಕ ಬರದೇ ಶೈಲಿಗೆ ಜೋತುಬಿದ್ದವರಲ್ಲ. ಜನ ಸೀಟಿ ಹೊಡೆಯೋ ಸಿನಿಮಾ ಹೆಂಗ ಕಟ್ಟಬೇಕು ಅಂತ ಚೆನ್ನಾಗಿ ಗೊತ್ತಿದ್ದು, ಬ್ಯಾಡ ಅಂತ ಬಿಟ್ಟವರು. ಕಾಲಿಗೆ ಚಪ್ಪಲಿ ಬಿಟ್ಟವರು ಅಂತ ಊರಿಗೆಲ್ಲ ಗೊತ್ತು. ಸಿನಿಮಾದಾಗೂ ಅದನ್ನೇ ಮಾಡಿದ್ರು ಅನ್ನಬಹುದು.

ಕ್ಯಾಮೆರಾ ನಿಮಾಯ್ ಘೋಷ್. ಸತ್ಯಜಿತ್ ರೇ ಅವರ ಫೋಟೋ ತೆಗೀತಿದ್ದ ನಿಮಾಯ್ ಘೋಷ್ ಬ್ಯಾರೆ, ಇವರು ಬ್ಯಾರೆ, ಗೂಗಲ್ ಮಾಡುವಾಗ ಎಡವಬ್ಯಾಡ್ರಿ. ಇವರು ದೇಶ ವಿಭಜನೆಯ ನಿರಾಶ್ರಿತರ ಬಗ್ಗೆ ‘ಛಿನ್ನಮೂಲ್’ ಅನ್ನೋ ಬಂಗಾಳಿ ಸಿನಿಮಾ ನಿರ್ದೇಶನ ಮಾಡಿದವರು, ಆಮ್ಯಾಲ ಮದ್ರಾಸಿಗೆ ಬಂದು ನೆಲೆಸಿದವರು.

ಭಾಗ 6

ಸರಿ, ಶೈಲಿ ಕತಿಯನ್ನ ನುಂಗಿತೋ ಇಲ್ಲೋ? ನನ್ನ ಅಭಿಪ್ರಾಯ ಹೇಳ್ತೀನಿ, ಜಗಳಕ್ಕ ಬರ್ರಿ.

ಗಾಯಕನ ವಿಷಯದಾಗ ನುಂಗಿಲ್ಲ. ಅವನ ಜೀವನದಾಗ ಆಗೋದೆಲ್ಲ ಹಾಡಿನೊಳಗೇ ಆಗತೈತಿ. ಸೊಕ್ಕು ಹಾಡಿನ್ಯಾಗ ಕೇಳತೈತಿ, ಸೊಕ್ಕು ಮುರಿಯೋದೂ ಹಾಡಿನ್ಯಾಗ ಕೇಳತೈತಿ. ಬಾಲಮುರಳಿಕೃಷ್ಣ ಅವರ ದನಿ ಇಲ್ಲದಿದ್ರ ಈ ಸಿನಿಮಾ ಇಲ್ಲ. ಈ ಸಿನಿಮಾಕ್ಕ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿಯೂ ಇದಕ್ಕೇ. (ಆ ವರ್ಷದ ಸ್ವರ್ಣಕಮಲ ಕೂಡ ಕನ್ನಡಕ್ಕೇ ಬಂದಿತ್ತು, ಕಾರಂತರ ‘ಚೋಮನ ದುಡಿ’. ಎಂಥಾ ವರ್ಷ ನೋಡ್ರಿ ಅದು.) ನಾಲಿಗೆ ಹೋದ ಮ್ಯಾಲ ಬರೋ ಮೌನ ನಿಮ್ಮ ಎದೆಗೆ ಬಡೀಬೇಕಂದ್ರ, ಅದಕ್ಕ ಮೊದಲು ಅಷ್ಟು ಹೊತ್ತು ಆ ದನಿ ನಿಮ್ಮ ಕಿವಿಯೊಳಗ ಇರಲೇಬೇಕು. ಬೇಗ ಬೇಗ ಕತಿ ಓಡಿಸಿದ್ರ ಅದು ಸಾಧ್ಯ ಇರಲಿಲ್ಲ. ಅಲ್ಲಿ ನಿಧಾನವೇ ಕತಿ.

ಆದ್ರ ಉಳಿದವರ ವಿಷಯದಾಗ? ನುಂಗೈತಿ. ರೇಖಾ ರಾವ್ ಮಾಡಿದ ಹೆಣ್ಣಿನ ಪಾತ್ರ ನೋಡ್ರಿ. ಚಂದ ಕಾಣ್ತಾಳ, ಚಂದದ ಫ್ರೇಮಿನೊಳಗ ನಿಲ್ತಾಳ. ಆಕಿಗೆ ಏನು ಬೇಕಿತ್ತು, ಆಕಿ ಏನು ಕಳಕೊಂಡ್ಳು ಅನ್ನೋದಕ್ಕ ಸಿನಿಮಾ ಸಮಯ ಕೊಡೋದಿಲ್ಲ. ಬಂಡೆಗೆ ಕೊಟ್ಟಷ್ಟೂ ಕೊಡೋದಿಲ್ಲ. ಗಂಡಸಿನ ಸಂಗೀತಕ್ಕ ಮೆಟ್ಟಿಲಾಗೋ ಹೆಣ್ಣು ಅನ್ನೋದು ನಮ್ಮ ಸಂಗೀತದ ಸಿನಿಮಾಗಳ ಹಳೇ ರೋಗ, ಬಸಂತ್ ಬಹಾರ್‌ಗೂ ಅದೇ ರೋಗ. ಚರಿತ್ರೆಯ ಸಿನಿಮಾ ಮಾಡೋರಿಗೆ ಶೈಲಿ ಒಂದು ಒಳ್ಳೇ ಪರದೆ. ಬೇಡಾದ ಪ್ರಶ್ನೆಗಳನ್ನ ಅದರ ಹಿಂದ ಅಡಗಿಸಿಡಬಹುದು.

ಭಾಗ 7

ಒಂದು ಸಣ್ಣ ಕ್ಲಾಸು, ಎರಡೇ ನಿಮಿಷ. ನಮ್ಮ ಕಡೆಯವರು ಹಂಸಗೀತೆ ನೋಡಿ ‘ಇದೆಂಥಾ ಭೈರವಿ?’ ಅಂತ ತಲಿ ಕೆರಕೊಂಡ್ರ ಅದಕ್ಕ ಕಾರಣ ಐತಿ. ಹಿಂದೂಸ್ತಾನಿ ಭೈರವಿ ಬ್ಯಾರೆ, ಕರ್ನಾಟಕ ಸಂಗೀತದ ಭೈರವಿ ಬ್ಯಾರೆ. ಹೆಸರು ಒಂದು, ರಾಗ ಎರಡು.

ನಾವು ಕಚೇರಿಯ ಕೊನೆಗೆ ಕೇಳೋ ಭೈರವಿಯೊಳಗ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ. ದಕ್ಷಿಣದವರ ಲೆಕ್ಕದಾಗ ಅದು ಹನುಮತೋಡಿಯ ಸ್ವರಗಳಿಗೆ ಹತ್ರ. ಅವರ ಭೈರವಿ ಇಪ್ಪತ್ತನೇ ಮೇಳ ನಟಭೈರವಿಯಿಂದ ಹುಟ್ಟಿದ್ದು. ಅದರ ರಿಷಭ ಕೋಮಲ ಅಲ್ಲ, ಧೈವತ ಎರಡು ಥರದ್ದು, ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು. ವೆಂಕಟಸುಬ್ಬಯ್ಯನ ಭೈರವಿ ಇದು. ಹಾರ್ಮೋನಿಯಂ ಇದ್ರ ಎರಡೂ ಒತ್ತಿ ನೋಡ್ರಿ, ಐದನೇ ನಿಮಿಷಕ್ಕ ಫರಕು ಗೊತ್ತಾಗತೈತಿ. ಎರಡೂ ಪದ್ಧತಿ ಒಂದೇ ಕನ್ನಡ ಸಿನಿಮಾದಾಗ ಬೇಕಂದ್ರ ‘ಸಂಧ್ಯಾರಾಗ’ (1966) ಐತಿ. ಅ.ನ.ಕೃ. ಅವರ ಕಾದಂಬರಿ, ರಾಜಕುಮಾರ್ ನಾಯಕ, ಭೀಮಸೇನರೂ ಹಾಡ್ಯಾರ, ಬಾಲಮುರಳಿಯವರೂ ಹಾಡ್ಯಾರ. ಅದರ ಬಗ್ಗೆ ಬ್ಯಾರೆ ಸರಣಿನೇ ಬೇಕು.

ಭಾಗ 8

1975 ಅಂದ ಕೂಡಲೇ ಹಿಸ್ಟರಿ ಓದೋರಿಗೆ ಇನ್ನೊಂದು ನೆನಪಾಗಬೇಕು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು, 1977ರ ಮಾರ್ಚ್‌ತನಕ ಇತ್ತು. ಅಯ್ಯರ್ ಅದನ್ನ ಮನಸ್ಸಿನಾಗ ಇಟ್ಕೊಂಡು ಈ ಸಿನಿಮಾ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಕಾದಂಬರಿ ಅದಕ್ಕಿಂತ ಎಷ್ಟೋ ಹಳೇದು. ಆದ್ರ ಪ್ರೇಕ್ಷಕ ಕೂತಿದ್ದು ಆ ದೇಶದಾಗ. ಸರ್ಕಾರದ ಕಾರ್ಯಕ್ರಮಕ್ಕ ಹಾಡೋದಿಲ್ಲ ಅಂದ ಕಿಶೋರ್ ಕುಮಾರ್ ಅವರ ಹಾಡುಗಳನ್ನ ಆಕಾಶವಾಣಿ ನಿಲ್ಲಿಸಿಬಿಟ್ಟಿತ್ತು. ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಾಗ ತಿಂಗಳುಗಟ್ಟಲೆ ಇದ್ದು, ಬಿಡುಗಡೆ ಆದ ಕೆಲವೇ ದಿನಕ್ಕ, 1977ರ ಜನವರಿಯಲ್ಲಿ ತೀರಿಕೊಂಡ್ರು. ದೊರೆಯ ಮುಂದ ಹಾಡೋದಿಲ್ಲ ಅನ್ನೋದು ಆಗ ಹದಿನೆಂಟನೇ ಶತಮಾನದ ಮಾತಾಗಿರಲಿಲ್ಲ. ಅಂಥಾ ಸಿನಿಮಾಕ್ಕ ಅದೇ ಸರ್ಕಾರ ಪ್ರಶಸ್ತಿ ಕೊಟ್ಟಿತು ಅನ್ನೋದೂ ನಿಜ. ಬಂಡೆ, ಗುಡಿ, ತಂಬೂರಿ ನೋಡಿದವರಿಗೆ ನಾಲಿಗೆ ಕಾಣಲಿಲ್ಲೋ ಏನೋ.

ಭಾಗ 9

ಕಮೆಂಟ್ ಬಾಕ್ಸ್ ತೆರೆಯೋ ಮೊದಲು ಒಂದು ಮಾತು. ಟಿಪ್ಪು ಹೆಸರು ಬಂತಂದ್ರ ಎರಡೂ ಕಡೆಯವರು ತೋಳು ಏರಿಸಿ ಬರ್ತೀರಿ, ನನಗ ಗೊತ್ತು. ಇದು ಬಾಯಿಂದ ಬಾಯಿಗೆ ಬಂದ ಕತಿ, ಅದರ ಮ್ಯಾಲ ಕಟ್ಟಿದ ಕಾದಂಬರಿ, ಅದರ ಮ್ಯಾಲ ಕಟ್ಟಿದ ಸಿನಿಮಾ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಕೇಸಿಗೆ ಇದನ್ನ ಸಾಕ್ಷಿ ಮಾಡಬ್ಯಾಡ್ರಿ. ಇದನ್ನ ಹಿಂದೂ ಗಾಯಕ, ಮುಸ್ಲಿಂ ಸುಲ್ತಾನ ಅಂತ ಎರಡು ಡಬ್ಬಿಗೆ ಹಾಕೋರಿಗೆ ಅಂತೂ ನಮ್ಮ ಸೀಮೆಯ ಸಂಗೀತ ಒಪ್ಪಿಗೆ ಕೊಡೋದಿಲ್ಲ. ಅಬ್ದುಲ್ ಕರೀಂ ಖಾನ್ ಸಾಹೇಬರು ಇಲ್ಲದಿದ್ರ ಸವಾಯಿ ಗಂಧರ್ವರಿಲ್ಲ, ಭೀಮಸೇನರಿಲ್ಲ, ಗಂಗಜ್ಜಿ ಇಲ್ಲ.

ಗಂಗಜ್ಜಿ, ಅಂದ್ರ ಗಂಗೂಬಾಯಿ ಹಾನಗಲ್ (1913–2009). ನಮ್ಮ ಉಣಕಲ್‌ನ್ಯಾಗ ಅವರ ಹೆಸರಿನ ಗುರುಕುಲ ಐತಲ್ಲ, ಗುರುಗಳ ಜೋಡಿ ಅಲ್ಲೇ ಉಳಕೊಂಡು ಹುಡುಗ ಹುಡುಗಿಯರು ಹಾಡು ಕಲಿಯೋ ಜಾಗ, ಅದೇ ಗಂಗಜ್ಜಿ. ಇವರು ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಕಲಿತು ಬರ್ತಿದ್ರು ಅನ್ನೋದು ನಿಮಗ ಗೊತ್ತಿರಬಹುದು. ಅವರ ತಾಯಿ ಅಂಬಾಬಾಯಿಯವರ ಸಂಗತಿ ಅಷ್ಟು ಜನಕ್ಕ ಗೊತ್ತಿಲ್ಲ.

ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಧಾರವಾಡಕ್ಕ ಬಂದಾಗ ಅಬ್ದುಲ್ ಕರೀಂ ಖಾನರು ಅವರ ಹಾಡು ಕೇಳಾಕ ಹೋಗ್ತಿದ್ರು, ಅಂಥಾ ದನಿ. ಮಗಳು ಹಿಂದೂಸ್ತಾನಿ ಕಲಿಯಾಕ ಶುರು ಮಾಡಿದ ಮ್ಯಾಲ, ತನ್ನ ಪದ್ಧತಿಯ ನೆರಳು ಮಗಳ ದನಿಮ್ಯಾಲ ಬೀಳಬಾರದು ಅಂತ ಆ ತಾಯಿ ತಾನು ಹಾಡೋದನ್ನೇ ಬಿಟ್ಟರು. ಕತ್ತಿ ಇಲ್ಲ, ಸುಲ್ತಾನ ಇಲ್ಲ, ಗುಡಿಯ ಹಿಂದ ಸೂರ್ಯ ಮುಳುಗೋ ಶಾಟ್ ಇಲ್ಲ. ಒಂದು ಮನಿಯೊಳಗ ಒಬ್ಬ ಹೆಣ್ಣುಮಗಳು ಸುಮ್ಮನಾದಳು, ಅಷ್ಟ. ಇದರ ಮ್ಯಾಲ ಯಾರರ ಸಿನಿಮಾ ಮಾಡಿದ್ರ, ಅದರೊಳಗ ಆಕಿ ಏನು ಹಾಡ್ತಿದ್ಳು ಅನ್ನೋದನ್ನ ಮೊದಲು ಒಂದು ತಾಸು ಕೇಳಿಸಬೇಕಾಗತೈತಿ. ಆಗ ಅದೂ ಸ್ಲೋ ಆಗತೈತಿ, ನೀವು ಅದಕ್ಕೂ ‘ಕತಿ ಎಲ್ಲೈತಿ’ ಅಂತೀರಿ.

ನೋಡೋದಾದ್ರ ಈ ಕ್ರಮದಾಗ ನೋಡ್ರಿ: ಮೊದಲು ಬಸಂತ್ ಬಹಾರ್‌ನ ಆ ಸ್ಪರ್ಧೆಯ ಹಾಡು, ಆಮ್ಯಾಲ ಹಂಸಗೀತೆ ಪೂರ್ತಿ, ಫೋನ್ ದೂರ ಇಟ್ಟು. ಆಮ್ಯಾಲ ಒಂದು ಸಂಜೆ ಗಂಗಜ್ಜಿಯ ಯಾವುದಾದರೂ ಧ್ವನಿಮುದ್ರಣ. ಮುಂದಿನ ವಾರ ‘ಸಂಧ್ಯಾರಾಗ’. ಭೀಮಸೇನರಾ, ಮನ್ನಾ ಡೇನಾ ಅನ್ನೋ ಪೋಲ್ ಸ್ಟೋರಿಯೊಳಗ ಹಾಕೀನಿ, ನಾಳೆ ಸಂಜಿತನಕ ಇರತೈತಿ.

#ಹಂಸಗೀತೆ #ಉಣಕಲ್ #ಹುಬ್ಬಳ್ಳಿಧಾರವಾಡ #ಕನ್ನಡಸಿನಿಮಾ #ಹಿಸ್ಟರಿಸರಣಿ